ನಾರಣಪ್ಪನ ಹೆಣ ಸಂಕೇತವಲ್ಲ

ನಿನ್ನೆ ಸಂಜೆ ಸಾಹಿತ್ಯ ಸಂವಾದವೊಂದಕ್ಕೆ ಹೋಗಿ ಬಂದ ಮೇಲೆ ಮನಸ್ಸಿಗೆ ಹತ್ತಿದ ಕಿರಿಕಿರಿ ಬೆಳಗಾದರೂ ಇಳಿಯಲಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಬಗ್ಗೆ ಮಾತಾಡಲು ಬಂದಿದ್ದವರು ಓದಿಕೊಂಡವರು, ಮಾತು ಬಲ್ಲವರು. ಆದರೆ ಒಂದು ಗಂಟೆಯ ಉಪನ್ಯಾಸದಲ್ಲಿ ಅವರು ಮಾಡಿದ್ದು ಒಂದೇ ಕೆಲಸ: ನಾರಣಪ್ಪನ ಹೆಣ ಕೊಳೆತ ಸಂಪ್ರದಾಯದ ಸಂಕೇತ, ಇಲಿ ಒಳಗಿನ ಕೊಳಕಿನ ಸಂಕೇತ, ಹದ್ದು ವಿನಾಶದ ಸಂಕೇತ, ಚಂದ್ರಿ ಪ್ರಕೃತಿಯ ಸಂಕೇತ ಎಂದು ಒಂದೊಂದಕ್ಕೂ ಚೀಟಿ ಅಂಟಿಸಿದ್ದು. ಮುಂದಿನ ಸಾಲಿನಲ್ಲಿ ಕೂತ ವಿದ್ಯಾರ್ಥಿಗಳು ಅದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಮಕ್ಕಳಲ್ಲಿ ಎಷ್ಟು ಜನ ಇನ್ನು ಕಾದಂಬರಿಯನ್ನು ತೆರೆಯುತ್ತಾರೆ? ಉತ್ತರವೇ ಕೈಗೆ ಸಿಕ್ಕಿತಲ್ಲ.

1965ರಲ್ಲಿ ಪ್ರಕಟವಾದ ಈ ಪುಸ್ತಕ ತೀರಾ ದೊಡ್ಡದೇನಲ್ಲ. ಅಷ್ಟು ಚಿಕ್ಕ ಕಾದಂಬರಿ ಇಂದಿಗೂ ಓದುಗರನ್ನು ಹಿಡಿದು ಕೂರಿಸುವುದು ಅದರ ಸಂಕೇತಗಳಿಂದಲ್ಲ, ಯಾರಿಗೆ ಯಾವ ವಿಷಯ ಯಾವಾಗ ತಿಳಿಯಬೇಕೆಂದು ಲೇಖಕರು ಮಾಡಿಕೊಂಡ ಲೆಕ್ಕಾಚಾರದಿಂದ ಎಂದು ನಾನು ನಂಬಿದ್ದೇನೆ. ಇಷ್ಟು ವರ್ಷ ತರಗತಿಯಲ್ಲಿ ಹೇಳುತ್ತ ಬಂದದ್ದೂ ಅದನ್ನೇ, ಗೆಳೆಯರಿಗೆ ಗೊತ್ತಿದೆ.

ಹೆಣದ ವಿಚಾರವನ್ನೇ ನೋಡಿ. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ದೂರ್ವಾಸಪುರದ ಅಗ್ರಹಾರದಲ್ಲಿ ಸಾಯುತ್ತಾನೆ. ಬ್ರಾಹ್ಮಣನಾಗಿದ್ದೂ ಸಾಲಿಗ್ರಾಮವನ್ನು ಹೊಳೆಗೆ ಎಸೆದವನಿಗೆ, ಕೆಳಜಾತಿಯ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನಿಗೆ ಸಂಸ್ಕಾರ ಮಾಡುವವರು ಯಾರು? ಈ ಪ್ರಶ್ನೆ ಇಡೀ ಅಗ್ರಹಾರವನ್ನು ಹಿಡಿದು ನಿಲ್ಲಿಸುತ್ತದೆ. ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿಗಳನ್ನು ತಿರುವುತ್ತಾರೆ, ಮಾರುತಿಯ ಗುಡಿಗೆ ಹೋಗಿ ಹೂವಿನ ಪ್ರಸಾದಕ್ಕೆ ಕಾಯುತ್ತಾರೆ, ದೇವರು ಎಡಕ್ಕೂ ಕೊಡುವುದಿಲ್ಲ, ಬಲಕ್ಕೂ ಕೊಡುವುದಿಲ್ಲ. ಕಥೆ ಈ ಪ್ರಶ್ನೆಯ ಮೇಲೆಯೇ ನಡೆಯುತ್ತದೆಂದು ನಾವು ನಂಬಿಕೊಂಡಿರುವಾಗ, ಕಾದಂಬರಿ ಇನ್ನೂ ಎಷ್ಟೋ ಉಳಿದಿರುವಾಗಲೇ, ಚಂದ್ರಿ ರಾತ್ರೋರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಆ ಹೆಣವನ್ನು ಸುಡಿಸಿಬಿಡುತ್ತಾಳೆ. ಮಂತ್ರವಿಲ್ಲ, ಪುರೋಹಿತರಿಲ್ಲ. ಬ್ಯಾರಿ ಒಪ್ಪಿದ್ದಾದರೂ ಏಕೆ? ನಾರಣಪ್ಪ ಹಿಂದೊಮ್ಮೆ ಅವನಿಗೆ ಎತ್ತು ಕೊಳ್ಳಲು ಸಾಲ ಕೊಟ್ಟಿದ್ದ. ಬೆಳಗಾಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಚಂದ್ರಿ ಕುಂದಾಪುರದ ಹಾದಿ ಹಿಡಿದಿರುತ್ತಾಳೆ.

ಈಗ ಹೇಳಿ, ಹೆಣ ಕೊಳೆತ ಸಂಪ್ರದಾಯದ ಸಂಕೇತವೆಂದು ಬರೆದುಕೊಂಡ ವಿದ್ಯಾರ್ಥಿ ಈ ರಾತ್ರಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು? ಸಂಕೇತ ಸುಟ್ಟು ಬೂದಿಯಾದ ಮೇಲೂ ಬ್ರಾಹ್ಮಣರು ಅದರ ಪರಿಹಾರ ಹುಡುಕುತ್ತ ಕೈಮರಕ್ಕೆ ನಡೆಯುತ್ತಾರೆ, ಅಲ್ಲಿಂದ ಮಠಕ್ಕೆ ನಡೆಯುತ್ತಾರೆ, ದಾರಿಯಲ್ಲಿ ಒಬ್ಬೊಬ್ಬರೇ ಜ್ವರದಿಂದ ಬೀಳುತ್ತಾರೆ. ಸಂಗತಿ ಗೊತ್ತಿರುವುದು ಚಂದ್ರಿಗೆ, ಬ್ಯಾರಿಗೆ, ನಮಗೆ. ಧರ್ಮಶಾಸ್ತ್ರ ಬಲ್ಲ ಒಬ್ಬನಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವರ ಒಂದೊಂದು ಗಂಭೀರ ಚರ್ಚೆಯನ್ನೂ, ಮಠದ ಗುರುಗಳ ಒಂದೊಂದು ಮಾತನ್ನೂ ನಾವು ಬೇರೆಯೇ ಕಿವಿಯಿಂದ ಕೇಳಿಸಿಕೊಳ್ಳುತ್ತೇವೆ. ವ್ಯಾಖ್ಯಾನದ ಒಂದು ಸಾಲನ್ನೂ ಬರೆಯದೆ, ಒಂದು ಘಟನೆಯನ್ನು ಸರಿಯಾದ ಜಾಗದಲ್ಲಿ ಇಟ್ಟು ಲೇಖಕರು ಅಷ್ಟನ್ನೂ ಸಾಧಿಸುತ್ತಾರೆ. ತಂತ್ರವೆಂದರೆ ಇದು. ಇದನ್ನು ಬಿಟ್ಟು ಚೀಟಿ ಅಂಟಿಸುತ್ತ ಕೂತರೆ ನನಗೆ ಸಿಟ್ಟು ಬಾರದೆ ಇನ್ನೇನು?

ಇಲಿ, ಹದ್ದುಗಳದೂ ಇದೇ ಕಥೆ. ಇಲಿಗಳು ಹೊರಬಂದು ಗಿರಗಿರ ಸುತ್ತಿ ಸಾಯುತ್ತವೆ. ಸತ್ತ ಇಲಿಗಳ ಹಿಂದೆಯೇ ಹದ್ದುಗಳು ಬಂದು ಮನೆಗಳ ಮೇಲೆ ಕೂರುತ್ತವೆ. ಬ್ರಾಹ್ಮಣರು ಹೊರಗೆ ಬಂದು ಶಂಖ ಊದಿ ಜಾಗಟೆ ಬಾರಿಸಿ ಅವನ್ನು ಓಡಿಸುತ್ತಾರೆ. ಮಂಗಳಾರತಿಯ ಹೊತ್ತಿಗೆ ಕೇಳಬೇಕಾದ ಸದ್ದು ಹಾಡುಹಗಲು ಹಕ್ಕಿಗಳನ್ನು ಬೆದರಿಸಲು ಏಳುವ ಆ ದೃಶ್ಯವನ್ನು ಒಮ್ಮೆ ನಿಧಾನವಾಗಿ ಓದಿ. ಇಲಿ ಇಲ್ಲಿ ಮೊದಲು ಇಲಿಯೇ. ಅದು ಪ್ಲೇಗಿನ ಇಲಿ. ಅಗ್ರಹಾರದವರು ಅದನ್ನು ಪಾಪದ ಫಲವೆಂದು ಓದುತ್ತಾರೆ, ನಾವು ರೋಗದ ಲಕ್ಷಣವೆಂದು ಓದುತ್ತೇವೆ. ಒಂದೇ ವಸ್ತುವಿಗೆ ಎರಡು ಓದು, ಅವೆರಡರ ನಡುವಿನ ದೂರದಲ್ಲಿ ಕಾದಂಬರಿ ನಿಂತಿದೆ. ನೆರೆಯ ಪಾರಿಜಾತಪುರದ ಮಂಜಯ್ಯನಿಗೆ ಪ್ಲೇಗಿನ ಗುಮಾನಿ ಬಂದರೂ ಅಗ್ರಹಾರಕ್ಕೆ ಅದು ನಾಟುವುದಿಲ್ಲ. ಅದಕ್ಕಿಂತ ಕಟುವಾದದ್ದು ದಲಿತರ ಹುಡುಗಿ ಚಿನ್ನಿಯ ಪ್ರಸಂಗ. ತಮ್ಮ ಕೇರಿಯಲ್ಲಿ ಜನ ಸತ್ತದ್ದನ್ನು, ಗುಡಿಸಲಿಗೆ ಬೆಂಕಿ ಇಟ್ಟದ್ದನ್ನು ಅವಳು ದೂರ ನಿಂತೇ ಹೇಳುತ್ತಾಳೆ, ಆದರೆ ಹೇಳಿದ ಸುದ್ದಿ ಯಾರ ತಲೆಗೂ ಹೋಗುವುದಿಲ್ಲ. ದಲಿತರ ಕೇರಿಯಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಟ್ಟಿರುತ್ತಾರೆ, ಅಗ್ರಹಾರದಲ್ಲಿ ಇನ್ನೂ ಶಾಸ್ತ್ರ ನೋಡುತ್ತಿರುತ್ತಾರೆ. ಲೇಖಕರು ಈ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೆ. ಇಲಿಯೆಂದರೆ ಒಳಗಿನ ಕೊಳಕು ಎಂದು ಷರಾ ಬರೆದ ಕೂಡಲೇ ಪ್ಲೇಗು ಕಾಣೆಯಾಗುತ್ತದೆ. ಪ್ಲೇಗು ಕಾಣೆಯಾದರೆ ಚಿನ್ನಿಯ ಮಾತೂ ಕಾಣೆಯಾಗುತ್ತದೆ. ಅಗ್ರಹಾರ ಅವಳಿಗೆ ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ.

ಇನ್ನು ಹಸಿವು. ನಿನ್ನೆಯ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ, ಬಹುಶಃ ಹಸಿವನ್ನು ಯಾವುದಕ್ಕೂ ಸಂಕೇತ ಮಾಡಲಾಗುವುದಿಲ್ಲವೆಂದೇ ಇರಬೇಕು. ಮಲೆನಾಡಿನ ಹಳ್ಳಿಯಲ್ಲಿ ಬೆಳೆದ ನನಗೆ, ಹೆಣವಿರುವಾಗ ಉಣ್ಣಬಾರದೆಂಬ ನಿಯಮ ಪುಸ್ತಕದಿಂದ ಬಂದದ್ದಲ್ಲ. ಕೇರಿಯಲ್ಲಿ ಹೆಣ ಎತ್ತುವವರೆಗೆ ಒಲೆ ಹಚ್ಚುತ್ತಿರಲಿಲ್ಲ. ಅಜ್ಜಿ ನಮ್ಮನ್ನು ಹಿತ್ತಿಲ ಕಡೆ ಕರೆದುಕೊಂಡು ಹೋಗಿ ಕೈಗೆ ಬೆಲ್ಲದ ಚೂರು ಇಡುತ್ತಿದ್ದರು, ಬಾಯಿ ಒರೆಸಿಕೊಂಡು ಬಾ ಎನ್ನುತ್ತಿದ್ದರು. ಈ ಕಾದಂಬರಿಯನ್ನು ಮೊದಲ ಸಲ ಓದಿದಾಗ ನನ್ನನ್ನು ಹಿಡಿದದ್ದು ಹೆಣದ ವಾಸನೆಯಲ್ಲ, ಊಟಕ್ಕೆ ಏಳಬೇಕಾದ ಹೊತ್ತಿಗೆ ಸಾವಿನ ಸುದ್ದಿ ಬಂದು ಇಡೀ ಅಗ್ರಹಾರ ಉಪವಾಸ ಬೀಳುವುದು. ತಿಥಿಯೂಟಗಳನ್ನೇ ನಂಬಿಕೊಂಡ ದಾಸಾಚಾರ್ಯ ಸಂಕಟ ತಾಳಲಾರದೆ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ಆಚಾರ್ಯರು ಹಸಿದುಕೊಂಡೇ ಕಾಡಿನ ಕತ್ತಲೆಗೆ ಬರುತ್ತಾರೆ. ಅಲ್ಲಿ ಅವರೂ ಚಂದ್ರಿಯೂ ಕೂಡುತ್ತಾರೆ, ಅವಳು ಅವರಿಗೆ ತಿನ್ನಲು ಕೊಡುವುದು ತನ್ನ ಮಡಿಲಿನ ಬಾಳೆಹಣ್ಣು. ಆ ಪುಟಗಳಲ್ಲಿ ದೇಹದ ಎರಡು ಹಸಿವುಗಳನ್ನು ಬೇರೆ ಮಾಡಲು ಬರುವುದಿಲ್ಲ. ಆಮೇಲೆ, ಹೆಂಡತಿ ಭಾಗೀರಥಿಯೂ ಸತ್ತು ಸೂತಕದಲ್ಲಿರುವಾಗಲೇ, ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಅವರು ಎಲೆಯ ಮುಂದೆ ಕೂರುತ್ತಾರೆ, ಯಾರೋ ಗುರುತು ಹಿಡಿದದ್ದೇ ಎದ್ದು ಓಡುತ್ತಾರೆ. ಆರಂಭದಲ್ಲಿ ನಿಯಮಕ್ಕಾಗಿ ಊಟ ಬಿಟ್ಟವರು ಕೊನೆಯಲ್ಲಿ ನಿಯಮ ಮುರಿದು ಊಟಕ್ಕೆ ಕೂತಿದ್ದಾರೆ. ಆಚಾರ್ಯರು ಎಷ್ಟು ದೂರ ಬಂದಿದ್ದಾರೆಂಬುದನ್ನು ಅಳೆಯಲು ಬೇರೆ ಅಳತೆಗೋಲು ಬೇಕಿಲ್ಲ.

ನಿರೂಪಣೆಯ ದನಿ ಬದಲಾಗುವುದನ್ನೂ ಗಮನಿಸಬೇಕು. ಮೊದಲ ಭಾಗದಲ್ಲಿ ಎಲ್ಲರ ಮನಸ್ಸಿನೊಳಗೂ ಹೋಗಿಬರುವ ಕಥೆ, ಚಂದ್ರಿಯ ಒಡವೆಯ ಮೇಲೆ ಕಣ್ಣಿಟ್ಟ ಹೆಂಗಸರನ್ನೂ ದುರ್ಗಾಭಟ್ಟನ ಕಳ್ಳನೋಟವನ್ನೂ ಬಿಡದ ಕಥೆ, ಮೂರನೆಯ ಭಾಗಕ್ಕೆ ಬಂದಾಗ ಹೆಚ್ಚುಕಡಿಮೆ ಆಚಾರ್ಯರೊಬ್ಬರ ತಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅವರು ಜನರಿಂದ ದೂರವಾದಷ್ಟೂ ನಮಗೂ ಬೇರೆಯವರ ಮನಸ್ಸು ಮುಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಜೊತೆಯಾಗಿ ಬೆನ್ನು ಬಿಡದೆ ಹರಟುವ ಪುಟ್ಟ ಅಷ್ಟು ಕಾಡುವುದು ಅದಕ್ಕೇ. ಇನ್ನು ನಾರಣಪ್ಪನಿಗೆ ಕಾದಂಬರಿಯ ವರ್ತಮಾನದಲ್ಲಿ ಒಂದು ಮಾತೂ ಇಲ್ಲ. ಅವನ ಗೇಲಿ, ಸವಾಲು ಎಲ್ಲವೂ ಬೇರೆಯವರ ನೆನಪಿನಿಂದಲೇ ಬರಬೇಕು. ತರ್ಕದಲ್ಲಿ ಸೋಲಿಸಲು ಅವನು ಎದುರಿಗಿಲ್ಲ, ಆದ್ದರಿಂದ ಅವನ ಮಾತು ಆಚಾರ್ಯರೊಳಗೆ ಬೆಳೆಯುತ್ತ ಹೋಗುತ್ತದೆ.

ಸಂವಾದದ ಕೊನೆಯಲ್ಲಿ ನಾನು ಈ ಮಾತನ್ನು ಎತ್ತಿದಾಗ ಬಂದ ಉತ್ತರವನ್ನು ಮುಚ್ಚಿಡುವುದಿಲ್ಲ. ಸಾಮಾನ್ಯ ಓದುಗನಿಗೆ ತಂತ್ರದ ಗೊಡವೆ ಬೇಡ, ಸಂದೇಶ ಸಿಕ್ಕರೆ ಸಾಕು, ಬಿಚ್ಚಿ ನೋಡಿದರೆ ಕಥೆಯ ಸುಖ ಹೋಗುತ್ತದೆ ಎಂದರು. ಸುಖ ಹೋಗುತ್ತದೆಂಬ ಭಯ ಪ್ರಾಮಾಣಿಕವಾದದ್ದೇ ಎಂದು ಒಪ್ಪುತ್ತೇನೆ. ಆದರೆ ಚಂದ್ರಿ ಹೆಣ ಸುಡಿಸಿದ ಪುಟದಲ್ಲಿ ಸಾಮಾನ್ಯ ಓದುಗನೇ ಮೊದಲು ಬೆಚ್ಚುತ್ತಾನೆ. ಆಚಾರ್ಯರು ಕೊನೆಯಲ್ಲಿ ದೂರ್ವಾಸಪುರದ ಕಡೆ ಗಾಡಿ ಹತ್ತಿದಾಗ, ಸಂಸ್ಕಾರಕ್ಕೆ ಅಲ್ಲಿ ಹೆಣವೇ ಇಲ್ಲವೆಂಬುದು ಅವರಿಗೆ ತಿಳಿದಿಲ್ಲವಲ್ಲ ಎಂದು ಅವನ ಜೀವವೇ ಒದ್ದಾಡುತ್ತದೆ. ತಂತ್ರದ ಹೆಸರು ಅವನಿಗೆ ಗೊತ್ತಿಲ್ಲದಿರಬಹುದು, ಅದರ ಪೆಟ್ಟು ಬಿದ್ದಿರುತ್ತದೆ. ಆ ಪೆಟ್ಟು ಎಲ್ಲಿಂದ ಬಂತೆಂದು ಕೈಹಿಡಿದು ತೋರಿಸುವುದು ಮೇಷ್ಟರ ಕೆಲಸ. ಸಂದೇಶವೇ ಸಾಕೆನ್ನುವುದಾದರೆ ಒಂದು ಕರಪತ್ರ ಹಂಚಿದರೆ ಆಗುತ್ತಿತ್ತು, ಕಾದಂಬರಿ ಬರೆಯುವ ಅಗತ್ಯವೇ ಇರಲಿಲ್ಲ.

ಪ್ರಶ್ನೆಪತ್ರಿಕೆ ತೆಗೆಯುವ ಗೆಳೆಯರು ಇದನ್ನು ಓದುವವರಲ್ಲಿ ಕೆಲವರಿದ್ದೀರಿ, ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ: ‘ಹೆಣ ಯಾವುದರ ಸಂಕೇತ? ವಿವರಿಸಿ’ ಎಂಬ ಆ ಹಳೆಯ ಪ್ರಶ್ನೆಯನ್ನು ಈ ಸಲವಾದರೂ ಕೈಬಿಡಿ. ಚಂದ್ರಿ ಹೆಣ ಸುಡಿಸುವ ಪ್ರಸಂಗವನ್ನು ಕಾದಂಬರಿಯ ಕೊನೆಯ ಪುಟಕ್ಕೆ ಸರಿಸಿದರೆ ಮಠದ ದೃಶ್ಯದಲ್ಲಿ, ಮೇಳಿಗೆಯ ದೃಶ್ಯದಲ್ಲಿ ಏನೇನು ಬದಲಾಗುತ್ತದೆ ಎಂದು ಕೇಳಿ ನೋಡಿ. ಗೈಡಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಮಕ್ಕಳು ಪುಸ್ತಕ ತೆರೆಯಲೇಬೇಕಾಗುತ್ತದೆ.