ಮುಖ ಬದಲಾದರೆ ಕಾರಿನ ವರ್ಷ ಬದಲಾಗದು

"ಹಳೆಯ ಬೆಂಜ್‌ಗೆ ಹೊಸ ಮಾದರಿಯ ಬಂಪರ್, ಗ್ರಿಲ್, ಹೆಡ್‌ಲೈಟ್ ಕೂರಿಸಿದರೆ ಆರ್‌ಟಿಒದಲ್ಲಿ ಹೊಸ ಮಾಡೆಲ್ ಅಂತ ದಾಖಲಾಗುತ್ತೆ, 15 ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರು." ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಸಂದೇಶ ಸುಳ್ಳು.

ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷ, ಚಾಸಿ ನಂಬರು ಕಾರ್ಖಾನೆಯಿಂದಲೇ ಬಂದದ್ದು. ಕೆಎ-34 ನಂಬರಿನ 2010ರ ಕಾರು ಯಾವ ಮುಖ ಹೊತ್ತರೂ 2010ರದ್ದೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು.

ಹಾಗಂತ ಹೊಸ ರೂಪ ಕೊಡಿಸುವುದೇ ತಪ್ಪೇನಲ್ಲ. ಆದರೆ ಕೆಲಸ ಸಲೀಸಲ್ಲ. 2009ರಲ್ಲಿ ಬಂದ ಬೆಂಜ್ ಇ-ಕ್ಲಾಸ್‌ಗೆ ಒಂದೊಂದು ಬದಿಗೂ ಬಿಡಿಬಿಡಿಯಾದ ಜೋಡಿ ಹೆಡ್‌ಲೈಟ್ ಇತ್ತು; 2013ರ ಮಾರ್ಪಾಡಿನಲ್ಲಿ ಎರಡೂ ಒಂದೇ ಗಾಜಿನೊಳಗೆ ಸೇರಿದವು. ಹಾಗಾಗಿ ಬಂಪರ್ ಒಂದನ್ನೇ ತಂದರೆ ಕೂರುವುದಿಲ್ಲ. ಬಾನೆಟ್, ಫೆಂಡರ್ (ಮುಂದಿನ ಚಕ್ರದ ಮೇಲಿನ ಹೊದಿಕೆ) ಕೂಡ ಬೇಕು. ವೈರಿಂಗ್ ಹೊಂದಿಸಿ ಹೊಸ ಲೈಟನ್ನು ಕಾರಿನ ಕಂಪ್ಯೂಟರ್ ಗುರುತಿಸುವಂತೆ ಕೋಡಿಂಗ್ ಮಾಡಿಸಬೇಕು. ಬಂಪರ್ ಹಿಂದಿನ ಲೋಹದ ಪಟ್ಟಿ ಡಿಕ್ಕಿಯ ಪೆಟ್ಟು ತಾಳಲೆಂದೇ ಇರುವುದು. ಹೊಸ ಬಂಪರ್ ಸರಿಯಾಗಿ ಕೂರಲಿ ಎಂದು ಗ್ಯಾರೇಜಿನವರು ಅದನ್ನು ಕತ್ತರಿಸಲು ಹೊರಟರೆ ದಯವಿಟ್ಟು ಒಪ್ಪಬೇಡಿ, ಒಳಗೆ ಕೂರುವುದು ನಿಮ್ಮ ಮನೆಯವರು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಕ್ಕೆ ತಾಳೆಯಾಗದಂತೆ ವಾಹನ ಬದಲಿಸುವಂತಿಲ್ಲ. ಬಣ್ಣವೂ ಅದರಲ್ಲಿರುತ್ತದೆ, ಆದ್ದರಿಂದ ಬಣ್ಣ ಬದಲಿಸುವುದಾದರೆ ಆರ್‌ಟಿಒ ಅನುಮತಿ ಬೇಕು. ವಿಮಾ ಕಂಪನಿಗೂ ತಿಳಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗ್ರಿಲ್ ನೋಡಿ ದರ ಒಪ್ಪಿಕೊಳ್ಳಬೇಡಿ. ಮೊದಲು ಆರ್‌ಸಿ ಕೇಳಿ, ಚಾಸಿ ನಂಬರು ತಾಳೆ ನೋಡಿ.