ಕೊಸರು

ಎರಡು ಕಟ್ಟು ಕೊತ್ತಂಬರಿಗೆ ಇಪ್ಪತ್ತು ರೂಪಾಯಿ ಅಂದರೆ ‘ಹದಿನೈದು ಮಾಡ್ಕೊಳಮ್ಮ’ ಅನ್ನದೆ ನನ್ನ ಕೈ ಜೇಬಿಗೆ ಹೋಗುವುದಿಲ್ಲ. ಬದನೆಕಾಯಿಯ ತೊಟ್ಟು ನೋಡಿ ಅದರ ಪ್ರಾಯ ಹೇಳುತ್ತೇನೆ, ಹಲಸಿನಹಣ್ಣನ್ನು ತಟ್ಟಿ ಜಾತಕ ಬರೆಯುತ್ತೇನೆ. ಆದರೆ ಸೋಲಾರ್ ಪ್ಯಾನೆಲ್ಲನ್ನು ಎಲ್ಲಿ ಹಿಚುಕಿ ನೋಡುವುದು?

ತುಮಕೂರಿನ ನಮ್ಮ ಬೀದಿಯ ಮುಕ್ಕಾಲು ಮನೆಗಳಿಗೆ ಗೃಹಜ್ಯೋತಿಯ ಕೃಪೆಯಿಂದ ಸೊನ್ನೆ ಬಿಲ್ಲು. ನಮ್ಮದು ಮಾತ್ರ ತಿಂಗಳಿಗೆ 240 ಯೂನಿಟ್. 200 ದಾಟಿದರೆ ದಾಟಿದ ನಲವತ್ತಕ್ಕಲ್ಲ, ಪೂರ್ತಿ ಕಟ್ಟಬೇಕು. ಮಗನ ಕೋಣೆಯ ಎಸಿ ನಮ್ಮನ್ನು ಸಿರಿವಂತರ ಪಟ್ಟಿಗೆ ಸೇರಿಸಿಬಿಟ್ಟಿದೆ. 2024ರಲ್ಲಿ ತಾರಸಿಗೆ ಸೋಲಾರ್ ಹಾಕಿಸುವ ಕೇಂದ್ರದ ಸೂರ್ಯಘರ್ ಯೋಜನೆ ಬಂತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ 78,000 ರೂಪಾಯಿ ಸಬ್ಸಿಡಿ. ‘ಎಲ್ಲರೂ ಹಾಕಿಸ್ತಿದಾರೆ ಕಣ್ರೀ’ ಅಂದಳು ಹೆಂಡತಿ. ಈ ವಾಕ್ಯಕ್ಕೆ ನನ್ನ ಹತ್ತಿರ ಯಾವತ್ತೂ ಉತ್ತರ ಇದ್ದಿಲ್ಲ.

ಸೋಲಾರ್ ಹಾಕುವವರಿಗೆ ಎರಡು ಕಡೆ ಫೋನ್ ಮಾಡಿದೆ. ಇಬ್ಬರೂ ಕೇಳಿದ್ದು ಒಂದೇ, ಕರೆಂಟ್ ಬಿಲ್ಲಿನ ಫೋಟೊ. ಸಂಜೆಯೊಳಗೆ ವಾಟ್ಸಾಪಿನಲ್ಲಿ ಕೊಟೇಶನ್. ಮೊದಲನೆಯದರಲ್ಲಿ 3 ಕಿಲೋವ್ಯಾಟ್‌ಗೆ ‘ನಿಮಗೆ ಬೀಳುವುದು 92,000 ಮಾತ್ರ’ ಅಂತ ಕೆಂಪಕ್ಷರ. ಕನ್ನಡಕ ಹಾಕಿಕೊಂಡು ನೋಡಿದರೆ ಕೆಳಗೆ ಇರುವೆ ಗಾತ್ರದಲ್ಲಿ ಅಸಲು 1,70,000. ಸಬ್ಸಿಡಿಯನ್ನು ಅವರೇ ಕಳೆದುಬಿಟ್ಟಿದ್ದರು. ಅದು ನಮ್ಮ ಖಾತೆಗೆ ಬರುವುದು ಎಲ್ಲ ಹಾಕಿಸಿ, ನಾವು ಲೈನಿಗೆ ಬಿಟ್ಟ ಕರೆಂಟನ್ನೂ ತಗೊಂಡದ್ದನ್ನೂ ಅಳೆಯುವ ನೆಟ್ ಮೀಟರ್ ಕೂತ ಮೇಲೆ. ಎರಡನೆಯವರದು ಅದೇ 3 ಕಿಲೋವ್ಯಾಟ್‌ಗೆ 2,40,000. ಎಪ್ಪತ್ತು ಸಾವಿರ ವ್ಯತ್ಯಾಸ! ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆಗೆ ಕೊಟ್ಟ ರೈತರು ಎಕರೆಗೆ ವರ್ಷಕ್ಕೆ 21,000 ಅಂತ ಮೊದಲೇ ಮಾತಾಡಿಕೊಂಡಿದ್ದರು. ನನಗೆ ನನ್ನ ತಾರಸಿಯ ಮೂಲೆಯ ಲೆಕ್ಕವೇ ಹತ್ತಲಿಲ್ಲ.

ಪಕ್ಕದ ಮನೆಯವರು ಲೈನ್‌ಮನ್ ಆಗಿ ನಿವೃತ್ತರಾದವರು. ಅವರ ಬಾಯಲ್ಲಿ ಬೆಸ್ಕಾಂ ಇವತ್ತಿಗೂ ಕೆಇಬಿ. ಎರಡೂ ಕೊಟೇಶನ್ನಿನ ಮೇಲೆ ಬೆರಳಾಡಿಸಿ, ‘ಇದು ಬೋರ್‌ವೆಲ್ ಲೆಕ್ಕ ಕಣಪ್ಪ’ ಅಂದರು. ‘ಅಡಿಗೆ ಕಮ್ಮಿ ಹೇಳಿ ಕೇಸಿಂಗ್ ಪೈಪಲ್ಲಿ ಹಿಡೀತಾರೆ. ಪ್ಯಾನೆಲ್ ನಿಲ್ಲಿಸೋ ಸ್ಟ್ರಕ್ಚರ್ ಎಷ್ಟು ಎತ್ತರ ಅಂತ ಬರೆದಿದಾರಾ? ಕೇಬಲ್ ಎಷ್ಟು ಮೀಟರು? ಅರ್ತಿಂಗ್ ಒಂದು ಗುಂಡಿನೋ ಮೂರೋ? ನೆಟ್ ಮೀಟರ್ ಖರ್ಚು ಯಾರದು? ಪ್ಯಾನೆಲ್ ಡಿಸಿಆರಾ?’ ಡಿಸಿಆರ್ ಅಂದರೆ ಸೆಲ್ಲೂ ಸೇರಿ ದೇಶದಲ್ಲೇ ತಯಾರಾದದ್ದು. ಅದಲ್ಲದಿದ್ದರೆ ಪ್ಯಾನೆಲ್ಲು ಅಗ್ಗ, ಆದರೆ ಸಬ್ಸಿಡಿ ಇಲ್ಲ. ಅಗ್ಗದ ಕೊಟೇಶನ್ನಿನಲ್ಲಿ ಈ ಯಾವುದೂ ಇರಲಿಲ್ಲ. ತುಟ್ಟಿಯದರಲ್ಲಿ ಇದ್ದದ್ದೂ ಇಂಗ್ಲಿಷಿನ ಒಂದು ಸಾಲು, ‘ಅಗತ್ಯಕ್ಕೆ ತಕ್ಕಂತೆ’.

ಮೂರನೆಯ ಕಡೆಯಿಂದ ಬಂದ ಹುಡುಗ ಬಿಲ್ಲಿನ ಫೋಟೊ ಕೇಳಲಿಲ್ಲ, ಮೆಟ್ಟಿಲು ಎಲ್ಲಿ ಅಂತ ಕೇಳಿದ. ತಾರಸಿಯಲ್ಲಿ ಹೆಂಡತಿ ಹಳೇ ಪಂಚೆಯ ಮೇಲೆ ಅರಳು ಸಂಡಿಗೆ ಇಟ್ಟಿದ್ದಳು. ಅದನ್ನು ತುಳಿಯದ ಹಾಗೆ ಟೇಪು ಹಿಡಿದು ಓಡಾಡಿದ. ತೆಂಗಿನಮರವನ್ನು ನೋಡಿ, ಮೂರು ಗಂಟೆಯ ಮೇಲೆ ನೆರಳು ಎಲ್ಲಿಗೆ ಬರುತ್ತೆ ಅಂದ. ಇಪ್ಪತ್ತು ವರ್ಷ ಆ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ಸಂಡಿಗೆಯ ಪಂಚೆಯನ್ನು ದಿನಾ ಜರುಗಿಸುವವಳು ಥಟ್ಟನೆ ಬೆರಳು ಮಾಡಿ ತೋರಿಸಿದಳು.

‘ಮೂರು ಯಾಕೆ ಸಾರ್, ಎರಡು ಸಾಕು’ ಅಂದ ಹುಡುಗ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ಎರಡಕ್ಕೆ ಎಂಟು, ತಿಂಗಳಿಗೆ 240. ಕರೆಂಟ್ ಹೋದಾಗ ಇದೂ ಆಫ್ ಆಗುತ್ತೆ ಅನ್ನುವುದನ್ನೂ ನಾನು ಕೇಳುವ ಮುಂಚೆಯೇ ಹೇಳಿದ. ನನಗೆ ಮೋಸ ಹೋದ ಹಾಗಾಯಿತು. ‘ಇಲ್ಲಿಂದ ಲೈನಿಗೆ ಕರೆಂಟ್ ಹರಿದು, ಕಂಬದ ಮೇಲೆ ಹತ್ತಿರೋ ನಮ್ಮ ಹುಡುಗ ಸಾಯಬಾರದಲ್ಲಪ್ಪ’ ಅಂದರು ಪಕ್ಕದ ಮನೆಯವರು.

ಒಟ್ಟು 1,35,000, ಎಲ್ಲ ಬಿಡಿಬಿಡಿಯಾಗಿ ಬರೆದುಕೊಟ್ಟ. ಅಭ್ಯಾಸಬಲ ಬಿಡಲಿಲ್ಲ. ‘ಕೊನೆಗೆ ಎಷ್ಟು ಮಾಡ್ತೀಯಪ್ಪ?’ ಅಂದೆ.

‘ಕಮ್ಮಿ ಮಾಡಬಹುದು ಸಾರ್. ಯಾವುದನ್ನ ತೆಗೀಲಿ ಹೇಳಿ, ಅರ್ತಿಂಗಾ, ಸಿಡಿಲು ತಡೆಯೋ ಕಡ್ಡಿನಾ?’

ನಾನು ತೆಂಗಿನಮರ ನೋಡಿದೆ. ಸಂಡಿಗೆ ಮಗುಚುತ್ತಿದ್ದ ಹೆಂಡತಿ ತಲೆಯೆತ್ತಿ, ‘ದುಡ್ಡು ಬಿಡಪ್ಪ, ಬಟ್ಟೆ ಒಣಗಿಸೋ ಹಗ್ಗಕ್ಕೆ ಪ್ಯಾನೆಲ್ಲಿನ ಕಂಬಿಗೆ ಎರಡು ಕೊಕ್ಕೆ ಬೆಸುಗೆ ಹಾಕಿಸಿ ಕೊಡ್ತೀಯಾ?’ ಅಂದಳು.

‘ಬೆಸುಗೆ ಬೇಡಮ್ಮ, ತುಕ್ಕು ಹಿಡಿಯುತ್ತೆ. ಬೋಲ್ಟ್ ಹಾಕಿ ಕೊಡ್ತೀನಿ’ ಅಂದು, ಅವಳೆದುರೇ ಕೊಟೇಶನ್ನಿನ ಕೊನೆಗೆ ಪೆನ್ನಿನಲ್ಲಿ ಬರೆದ: ಕೊಕ್ಕೆ, 2.