ಮೂರು ದಾಳ ಎಸೆದವರ ಗೋಳು

ನಿನ್ನೆ ಸಂಜೆ ಇಬ್ಬರು ಕೂತು ‘ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್’ ಆಡಿದ್ದನ್ನು ಪಕ್ಕದಲ್ಲೇ ಕೂತು ನೋಡಿದೆ. ಇಪ್ಪತ್ತು ನಿಮಿಷಕ್ಕೆ ಎಲ್ಲ ಎತ್ತಿಟ್ಟು, "ಬರೀ ಲಕ್ಕು ಗುರು, ಇದಕ್ಕಿಂತ ಚೌಕಾಬಾರ ವಾಸಿ" ಅಂತ ತೀರ್ಪು ಕೊಟ್ಟರು. ಆ ಇಪ್ಪತ್ತು ನಿಮಿಷವೂ ಪ್ರತಿ ಸಲ, ಪ್ರತಿ ಪಾನಿಗೂ, ಮೂರು ದಾಳ ಎಸೆದಿದ್ದಾರೆ ಸ್ವಾಮಿ!

ಗೊತ್ತಿಲ್ಲದವರಿಗೆ: ಇದು ಇಟಲಿಯ ಆಂಡ್ರಿಯಾ ಸ್ಫಿಲಿಗೋಯಿ 2007ರಲ್ಲಿ ತಂದ ಆಟ, ಪುಟ್ಟ ಗೊಂಬೆಗಳ ಪಡೆಯನ್ನು ಮೇಜಿನ ಮೇಲಿಟ್ಟು ಆಡುವ ಯುದ್ಧದಾಟ. ಪ್ರಕಾಶನದ ಹೆಸರು ಗಣೇಶ ಗೇಮ್ಸ್ (ಹೌದು, ನಮ್ಮ ಗಣೇಶನೇ). ಒಂದೊಂದು ಕಡೆ 300 ಪಾಯಿಂಟಿನ ಸಣ್ಣ ಪಡೆ, ಸಾಮಾನ್ಯವಾಗಿ ಐದರಿಂದ ಹತ್ತು ಜನ. ಒಬ್ಬೊಬ್ಬನಿಗೂ ಮುಖ್ಯವಾಗಿ ಎರಡೇ ಅಂಕಿ, ಕ್ವಾಲಿಟಿ ಮತ್ತು ಕಾಂಬ್ಯಾಟ್ (ಹೊಡೆದಾಟದ ಬಲ). ಕ್ವಾಲಿಟಿ 4 ಅಂದರೆ 4 ಅಥವಾ ಅದಕ್ಕಿಂತ ಹೆಚ್ಚು ಬಿದ್ದ ಪ್ರತಿ ದಾಳಕ್ಕೂ ಒಂದು ಆ್ಯಕ್ಷನ್: ನಡೆಯೋದು, ಇಲ್ಲ ಹೊಡೆಯೋದು. ಒಂದು ದಾಳವೋ, ಎರಡೋ, ಮೂರೋ, ಅದು ನಿಮ್ಮ ಇಷ್ಟ. ಆದರೆ ಒಂದೇ ಎಸೆತದಲ್ಲಿ ಎರಡು ದಾಳ ಕೈಕೊಟ್ಟರೆ, ಅವನ ಕೆಲಸ ಮುಗಿದ ತಕ್ಷಣ ಸರದಿ ಎದುರಾಳಿಗೆ. ಉಳಿದವರು ನಿಂತಲ್ಲೇ ನಿಂತಿರಬೇಕು.

ಈಗ ಲೆಕ್ಕ ಹಾಕಿ. ಕ್ವಾಲಿಟಿ 4ರವನಿಗೆ ಮೂರು ದಾಳ ಎಸೆದರೆ ಸರದಿ ಹೋಗುವ ಸಾಧ್ಯತೆ ನೂರಕ್ಕೆ 50. ಎರಡು ಎಸೆದರೆ 25. ಒಂದೇ ಎಸೆದರೆ ಸೊನ್ನೆ. ಕ್ವಾಲಿಟಿ 3 ಇದ್ದರೆ ಮೂರಕ್ಕೆ 26, ಎರಡಕ್ಕೆ 11. ಅಂದರೆ ನಮ್ಮ ಮಹನೀಯರು ಪ್ರತಿ ಸಲವೂ ನಾಣ್ಯ ಚಿಮ್ಮಿ, ನಾಣ್ಯವನ್ನೇ ಬೈಯುತ್ತಿದ್ದರು. ಚೌಕಾಬಾರದಲ್ಲಿ ನಾಲ್ಕೂ ಕವಡೆ ಎಸೆಯಲೇಬೇಕು, ಬಿದ್ದ ಗರಕ್ಕೆ ನೀವು ಹೊಣೆಯಲ್ಲ. ಇಲ್ಲಿ ಎಷ್ಟು ಎಸೆಯಬೇಕು ಅನ್ನೋದೇ ಆಟ!

ಮನೆಯಲ್ಲಿ ನೋಡಬೇಕೆಂದರೆ ಗೊಂಬೆ ಕೊಳ್ಳಬೇಡಿ, ಬಣ್ಣವೂ ಬೇಡ. ಕೇರಂ ಬೋರ್ಡ್ ಸಾಕು. 74 ಸೆಂಟಿಮೀಟರ್ ಚೌಕ, ಸುತ್ತ ಕಟ್ಟೆ ಇರೋದರಿಂದ ದಾಳ ಸೋಫಾ ಕೆಳಗೆ ಉರುಳಲ್ಲ. ಆರು ಕಪ್ಪು ಪಾನ್ ಒಂದು ಕಡೆ, ಆರು ಬಿಳಿ ಇನ್ನೊಂದು ಕಡೆ. ಪ್ರತಿ ಪಾನಿನ ಮೇಲೂ ಚೂರು ಸ್ಟಿಕ್ಕರ್ ಅಂಟಿಸಿ ಎರಡು ಅಂಕಿ ಬರೆಯಿರಿ. ಮೊದಲ ಆಟಕ್ಕೆ ಪಾಯಿಂಟ್ ಲೆಕ್ಕ ಬಿಟ್ಟುಬಿಡಿ, ಬಿಲ್ಲುಗಾರರನ್ನೂ ಬಿಡಿ. ನಾಯಕನಿಗೆ ಕ್ವಾಲಿಟಿ 3, ಕಾಂಬ್ಯಾಟ್ 4. ಮಿಕ್ಕ ಐವರಿಗೆ 4, 3. ಪೊರಕೆ ಕಡ್ಡಿಯನ್ನು 8, 12, 18 ಸೆಂಟಿಮೀಟರಿಗೆ ಮುರಿದರೆ ಶಾರ್ಟ್, ಮೀಡಿಯಂ, ಲಾಂಗ್ ಅಳತೆಕೋಲು ಸಿದ್ಧ; ಮಾಮೂಲಿ ನಡಿಗೆ ಮೀಡಿಯಂ. ಬಂಡೆಗೆ ಬೆಂಕಿಪೊಟ್ಟಣ, ಗೋಪುರಕ್ಕೆ ಬೋರಲು ಹಾಕಿದ ಲೋಟ. ಚೆಂದ ಕಾಣಲಿ ಅಂತ ಬೆಡ್‌ಶೀಟ್ ಮಾತ್ರ ಹಾಸಬೇಡಿ. ಪಾಕೆಟ್ ಮೇಲೆ ಬಟ್ಟೆ ಕುಸಿದು ಮೂಲೆಯಲ್ಲಿ ನಿಂತವನು ನಿಧಾನಕ್ಕೆ ಒಳಗೆ ಜಾರುತ್ತಾನೆ. ಪೌಡರ್ ಒಣಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಕೈ ತಗುಲಿದರೆ ಸಾಕು, ಇಡೀ ಸೈನ್ಯ ಜರುಗುತ್ತದೆ.

ಹೊಡೆದಾಟ ಇನ್ನೂ ಸಲೀಸು. ಇಬ್ಬರೂ ಒಂದೊಂದು ದಾಳ ಹಾಕಿ ಕಾಂಬ್ಯಾಟ್ ಕೂಡಿಸಿ. ಕಡಿಮೆ ಬಂದವನು ಹಿಂದೆ ಸರಿಯುತ್ತಾನೆ, ಇಲ್ಲ ಬೀಳುತ್ತಾನೆ. ಎದುರಾಳಿಯ ಮೊತ್ತ ಅವನದರ ಎರಡರಷ್ಟಾದರೆ ಸತ್ತ. 3ಕ್ಕೆ 3 ಎದುರಾದರೆ ಕೊಲ್ಲುವ ಅವಕಾಶ 18ರಲ್ಲಿ ಒಂದೇ. ಆದರೆ ಒಬ್ಬನ ಮೈಗೆ ತಾಗಿ ನಿಂತ ಪ್ರತಿ ಹೆಚ್ಚುವರಿ ಶತ್ರುವಿಗೂ ಅವನಿಗೆ ಒಂದಂಕ ಖೋತಾ. ಇಬ್ಬರು ಮುತ್ತಿದರೆ ಅದೇ ಅವಕಾಶ 6ರಲ್ಲಿ ಒಂದು, ಮೂವರು ಮುತ್ತಿದರೆ 3ರಲ್ಲಿ ಒಂದು. ಬಿದ್ದವನನ್ನು ಬರೀ ಸೋಲಿಸಿದರೂ ಸಾಕು, ಕಥೆ ಮುಗಿಯಿತು. ಮುತ್ತಿಗೆ ಹಾಕಲು ಮೂರು ಜನ ನಡೆಯಬೇಕು. ಮೊದಲನೆಯವನಿಗೇ ಮೂರು ದಾಳ ಎಸೆದು ಸರದಿ ಕಳೆದರೆ ಮಿಕ್ಕ ಇಬ್ಬರು ನಡೆಯೋದು ಯಾವಾಗ? ಅದಕ್ಕೇ ತುರ್ತು ಇರುವವನನ್ನು ಮೊದಲು ಎಬ್ಬಿಸಿ, ಒಂದೋ ಎರಡೋ ದಾಳದಲ್ಲಿ. ನಾಯಕನನ್ನು ಲಾಂಗ್ ಕೋಲಿನಳತೆಯಲ್ಲಿ, ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ. ಅವನಿದ್ದರೆ ಹತ್ತಿರದವರ ಎಸೆತಕ್ಕೆ ಒಂದಂಕ ಜಾಸ್ತಿ, 4ರವನು 3ರವನಂತೆ ಆಡುತ್ತಾನೆ.

"ಎಷ್ಟೇ ಜಾಣತನ ಮಾಡಿದರೂ 1 ಬಿದ್ದರೆ ಬಿತ್ತು" ಅನ್ನಬಹುದು. ಬೀಳುತ್ತಪ್ಪ, ದಾಳಕ್ಕೆ ಆರು ಮುಖ ಇರೋದೇ ಅದಕ್ಕೆ. ಮಳೆ ಬರುತ್ತೆ ಅಂತ ಗೊತ್ತಿದ್ದೂ ಛತ್ರಿ ಬಿಟ್ಟು ಹೋದವನು ಆಕಾಶದ ಮೇಲೆ ದೂರು ಕೊಡ್ತಾನಾ? ಎದುರಾಳಿ ಕಿಚಾಯಿಸಿದರೆ ನನ್ನ ಕೈಯೂ ಮೂರನೇ ದಾಳಕ್ಕೆ ಹೋಗುತ್ತದೆ, ಸುಳ್ಳು ಹೇಳಲ್ಲ. ಆದರೆ ಆಮೇಲೆ ನಿಯಮವನ್ನು ಬೈಯಲ್ಲ.

ಅಷ್ಟಕ್ಕೂ ಮೂರು ಎಸೆಯಲೇಬೇಕಾದ ಜಾಗ ಒಂದಿದೆ. ಅರ್ಧ ಪಡೆ ಸತ್ತಾಗ ಉಳಿದ ಒಬ್ಬೊಬ್ಬನಿಗೂ ಮೂರು ದಾಳದ ಧೈರ್ಯ ಪರೀಕ್ಷೆ. ಒಂದು ತಪ್ಪಿದರೆ ಒಂದು ನಡೆ ಓಡುತ್ತಾನೆ, ಮೂರೂ ತಪ್ಪಿದರೆ ಬೋರ್ಡಿನಿಂದಲೇ ಪರಾರಿ. ಅಲ್ಲಿ ಎಸೀರಿ ನಿಮ್ಮ ಮೂರು ದಾಳ, ಯಾರು ಬೇಡ ಅಂದರು?